ಹದಿನೈದು ಪಟ್ಟು ನೆಗೆಟಿವ್‌ಗೆ ಎಷ್ಟು ಬೆಳಕು ಬೇಕು?

35 ಮಿ.ಮೀ. ಫಿಲ್ಮಿನ ಒಂದು ಚೌಕಟ್ಟಿನ ಅಳತೆ 24×36 ಮಿ.ಮೀ., ಹರವು 864 ಚದರ ಮಿ.ಮೀ. 4×5 ಇಂಚಿನ ಶೀಟ್ ಫಿಲ್ಮ್ ಸುಮಾರು 102×127 ಮಿ.ಮೀ., ಹರವು 12,954. ಭಾಗಿಸಿ ನೋಡಿದರೆ 15 ಪಟ್ಟು. ಚಿಕ್ಕ ಫಿಲ್ಮಿನಿಂದ ದೊಡ್ಡದಕ್ಕೆ ಹೊರಳಿ, ಕ್ಯಾಮೆರಾ ಹೇಗೋ ಹೊಂದಿಸಿಕೊಂಡವರು ಡಾರ್ಕ್‌ರೂಮಿನಲ್ಲಿ ಬಂದು ನಿಲ್ಲುವುದು ಈ 15ರ ಮುಂದೆ. ಚಿಕ್ಕ ಎನ್‌ಲಾರ್ಜರಿನಲ್ಲಿ 75 ವ್ಯಾಟಿನ ಬಲ್ಬ್ ಇತ್ತು. ಹಾಗಾದರೆ ದೊಡ್ಡ ನೆಗೆಟಿವ್‌ಗೆ ಅದರ 15 ಪಟ್ಟು, 1,125 ವ್ಯಾಟ್ ಬೇಕೆ? ಬೇಡ. 25 ವ್ಯಾಟಿನ ಎಲ್‌ಇಡಿ ಸಾಕು. ಅದರ ಬೆಳಕಿನ ಪೆಟ್ಟಿಗೆಯನ್ನು ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದು. ಲೆಕ್ಕ ಹಾಕದೆ ಹೊರಟವರು ಈ ಕೆಲಸದಲ್ಲಿ ವ್ಯಾಟುಗಳಿಗೆ ಹಣ ಸುರಿಯುತ್ತಾರೆ. ಹಣ ನಿಜವಾಗಿ ಖರ್ಚಾಗುವುದು ಬೇರೆ ಕಡೆ.

ಲೆಕ್ಕ ಶುರುವಾಗಬೇಕಾದದ್ದು ಕಾಗದದಿಂದ. ಎಲ್ಲ ನೆಗೆಟಿವ್‌ಗಳಿಂದಲೂ 16×20 ಇಂಚಿನ ಒಂದೇ ಅಳತೆಯ ಪ್ರಿಂಟ್ ಮಾಡುತ್ತೇವೆ ಎಂದಿಟ್ಟುಕೊಳ್ಳೋಣ.

| ನೆಗೆಟಿವ್ | ಹರವು (ಚದರ ಮಿ.ಮೀ.) | ಕರ್ಣ (ಮಿ.ಮೀ.) | ವಾಡಿಕೆಯ ಲೆನ್ಸ್ (ಮಿ.ಮೀ.) | ಹಿಗ್ಗಿಸುವ ಪಟ್ಟು | ಬೆಳಕು ತೆಳುವಾಗುವ ಪಟ್ಟು |
|---|---|---|---|---|---|
| 35 ಮಿ.ಮೀ. | 864 | 43 | 50 | 17 | 324 |
| 6×9 ಸೆಂ.ಮೀ. | 4,704 | 101 | 105 | 7.25 | 68 |
| 4×5 ಇಂಚು | 12,954 | 163 | 150 | 4 | 25 |
| 5×7 ಇಂಚು | 22,606 | 219 | 210 | 3.2 | 18 |
| 8×10 ಇಂಚು | 51,562 | 325 | 300 | 2 | 9 |

ಕೊನೆಯ ಕಾಲಮ್ಮೇ ಇಲ್ಲಿ ಮುಖ್ಯ. ನೆಗೆಟಿವ್‌ನ ಹಿಂದಿರುವ ಬಿಳಿ ಪರದೆಯ ಹೊಳಪು ಮತ್ತು ಲೆನ್ಸಿನ ಅಪರ್ಚರ್ ಎರಡೂ ಬದಲಾಗದಿದ್ದರೆ, ಕಾಗದದ ಮೇಲೆ ಬೀಳುವ ಬೆಳಕು ಹಿಗ್ಗಿಸುವ ಪಟ್ಟಿಗೆ ಒಂದು ಕೂಡಿಸಿ ವರ್ಗ ಮಾಡಿದಷ್ಟು ತೆಳುವಾಗುತ್ತದೆ. 17 ಪಟ್ಟು ಹಿಗ್ಗಿಸಿದರೆ 18ರ ವರ್ಗ, 324. 4 ಪಟ್ಟು ಹಿಗ್ಗಿಸಿದರೆ 5ರ ವರ್ಗ, 25. ಅಂದರೆ ಒಂದೇ ಹೊಳಪಿನ ಪರದೆ ಹಿಂದಿದ್ದರೆ 4×5 ನೆಗೆಟಿವ್ ತನ್ನ ಕಾಗದಕ್ಕೆ 35 ಮಿ.ಮೀ. ನೆಗೆಟಿವ್‌ಗಿಂತ 13 ಪಟ್ಟು ಹೆಚ್ಚು ಬೆಳಕು ಕೊಡುತ್ತದೆ. ಹರವು 15 ಪಟ್ಟು ಹೆಚ್ಚಾಯಿತು, ಕಾಗದಕ್ಕೆ ಸಿಗುವ ಬೆಳಕು 13 ಪಟ್ಟು ಹೆಚ್ಚಾಯಿತು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಉಳಿಯುವುದು 1.16. ಅದೇ ಅಪರ್ಚರಿನಲ್ಲಿ, ಅದೇ ಅಳತೆಯ ಪ್ರಿಂಟಿಗೆ, ಅಷ್ಟೇ ಸೆಕೆಂಡುಗಳಲ್ಲಿ 4×5 ನೆಗೆಟಿವ್ ಕೇಳುವ ಒಟ್ಟು ಬೆಳಕು ಶೇ. 16ರಷ್ಟು ಮಾತ್ರ ಹೆಚ್ಚು. 8×10ಕ್ಕೂ ಇದೇ ಲೆಕ್ಕ ಹಾಕಿದರೆ ಹರವು 60 ಪಟ್ಟಾದರೂ ಒಟ್ಟು ಬೆಳಕು 1.66 ಪಟ್ಟು ಆದರೆ ಸಾಕು. ಕಾಗದವನ್ನು ಕಪ್ಪಾಗಿಸಲು ಬೇಕಾದ ಬೆಳಕನ್ನು ತೀರ್ಮಾನಿಸುವುದು ಕಾಗದದ ಹರವು. ನೆಗೆಟಿವ್ ಚಿಕ್ಕದಿರಲಿ ದೊಡ್ಡದಿರಲಿ, ಅಷ್ಟು ಬೆಳಕು ಅದರ ಮೂಲಕ ಹಾಯಲೇಬೇಕು. ಚಿಕ್ಕದಾದರೆ ಒತ್ತೊತ್ತಾಗಿ, ದೊಡ್ಡದಾದರೆ ಹರಡಿಕೊಂಡು.

ಒಂದು ತಿದ್ದುಪಡಿ ಇದೆ. 35 ಮಿ.ಮೀ.ಗೆ ಬಳಸುವ 50 ಮಿ.ಮೀ. ಲೆನ್ಸನ್ನು ಎಫ್/5.6ರಲ್ಲಿ ಇಟ್ಟು ಕೆಲಸ ಮಾಡುವವರು, ಎಫ್/5.6ರಿಂದ ಶುರುವಾಗುವ 150 ಮಿ.ಮೀ. ಲೆನ್ಸನ್ನು ಎಫ್/11ಕ್ಕೋ ಎಫ್/16ಕ್ಕೋ ಇಳಿಸುತ್ತಾರೆ. ಎಫ್/5.6ರಿಂದ ಎಫ್/11 ಎಂದರೆ ಬೆಳಕು ಕಾಲು ಭಾಗಕ್ಕೆ ಬರುತ್ತದೆ. ದೊಡ್ಡ ನೆಗೆಟಿವ್‌ಗೆ ಹೆಚ್ಚು ಬೆಳಕು ಬೇಕು ಎಂಬ ಅನುಭವದ ಮಾತಿನಲ್ಲಿ ನಿಜ ಇರುವುದು ಇಲ್ಲಿ. ಆ 4 ಪಟ್ಟನ್ನು ಕೇಳುವುದು ಲೆನ್ಸು, ಫಿಲ್ಮಿನ ಹರವಲ್ಲ.

ಪೆಟ್ಟಿಗೆಯ ಅಳತೆ

ಹಳೆಯ ದಾರಿ ಕಂಡೆನ್ಸರಿನದು. ಎರಡು ದಪ್ಪ ಉಬ್ಬು ಗಾಜುಗಳು ಬಲ್ಬಿನ ಬೆಳಕನ್ನು ಲೆನ್ಸಿನ ಬಾಯಿಗೆ ಕೂಡಿಸುತ್ತವೆ. ಕಂಡೆನ್ಸರಿನ ವ್ಯಾಸ ನೆಗೆಟಿವ್‌ನ ಕರ್ಣಕ್ಕಿಂತ ಹೆಚ್ಚಿರಲೇಬೇಕು. 6×6ರ ಎನ್‌ಲಾರ್ಜರಿನ ಕಂಡೆನ್ಸರು ಸುಮಾರು 79 ಮಿ.ಮೀ. ಕರ್ಣಕ್ಕೆ ಮಾಡಿದ್ದು, ಅದರ ಕೆಳಗೆ 163 ಮಿ.ಮೀ. ಕರ್ಣದ 4×5 ಇಟ್ಟರೆ ನಡುವೆ ಒಂದು ಬೆಳಕಿನ ವೃತ್ತ, ಸುತ್ತ ಕತ್ತಲೆ. ಬಲ್ಬನ್ನು 75ರಿಂದ 250 ವ್ಯಾಟಿಗೆ ಏರಿಸಿದರೂ ಆ ವೃತ್ತ ಒಂದು ಮಿಲಿಮೀಟರೂ ಹಿಗ್ಗುವುದಿಲ್ಲ. ಹಾಗೆಂದು ದೊಡ್ಡ ಕಂಡೆನ್ಸರ್ ಹುಡುಕಿದರೆ ತೂಕ ಎದುರಾಗುತ್ತದೆ. 165 ಮಿ.ಮೀ. ವ್ಯಾಸ, ನಡುವೆ 35 ಮಿ.ಮೀ. ದಪ್ಪದ ಉಬ್ಬು ಗಾಜಿನ ಗಾತ್ರ ಸುಮಾರು 400 ಘನ ಸೆಂ.ಮೀ., ತೂಕ 1 ಕಿಲೊ. ಜೋಡಿಗೆ 2 ಕಿಲೊ. ಇದೇ ಆಕಾರವನ್ನು 8×10ರ ಕರ್ಣಕ್ಕೆ ಎರಡರಷ್ಟು ಹಿಗ್ಗಿಸಿದರೆ ತೂಕ ಎರಡರ ಘನದಷ್ಟು, 8 ಪಟ್ಟು ಏರಿ 16 ಕಿಲೊ ಆಗುತ್ತದೆ. ಹರಡುಬೆಳಕಿನ ಪೆಟ್ಟಿಗೆ ಹರವಿನ ಲೆಕ್ಕದಲ್ಲಿ ಬೆಳೆದರೆ ಕಂಡೆನ್ಸರು ಘನದ ಲೆಕ್ಕದಲ್ಲಿ ಬೆಳೆಯುತ್ತದೆ. ದೊಡ್ಡ ಫಿಲ್ಮಿಗೆ ಮನೆಯಲ್ಲಿ ಬೆಳಕು ಹೊಂದಿಸುವವರು ಹರಡುಬೆಳಕನ್ನೇ ಹಿಡಿಯಬೇಕು ಎಂದು ನಾನು ಹೇಳುವುದಕ್ಕೆ ಈ ಒಂದು ಅಂಕಿಯೇ ಸಾಕು.

ಹರಡುಬೆಳಕಿನ ಪರದೆ ಎಷ್ಟು ದೊಡ್ಡದಿರಬೇಕು? ನೆಗೆಟಿವ್‌ನಷ್ಟೇ ಇದ್ದರೆ ಸಾಲದು. 4×5ರಲ್ಲಿ ಚಿತ್ರ ಮೂಡುವ ಭಾಗ ಸುಮಾರು 95×120 ಮಿ.ಮೀ. 150 ಮಿ.ಮೀ. ಲೆನ್ಸಿನಿಂದ 4 ಪಟ್ಟು ಹಿಗ್ಗಿಸುವಾಗ ಲೆನ್ಸಿಗೂ ನೆಗೆಟಿವ್‌ಗೂ ನಡುವಿನ ದೂರ 187.5 ಮಿ.ಮೀ. ಪರದೆ ನೆಗೆಟಿವ್‌ನಿಂದ 25 ಮಿ.ಮೀ. ಹಿಂದಿದ್ದರೆ, ಲೆನ್ಸಿನಿಂದ ನೆಗೆಟಿವ್‌ನ ಅಂಚನ್ನು ಹಾದುಹೋಗುವ ಗೆರೆ ಪರದೆಯನ್ನು ಮುಟ್ಟುವಷ್ಟರಲ್ಲಿ 1.13 ಪಟ್ಟು ಹೊರಗೆ ಸರಿದಿರುತ್ತದೆ. ಲೆನ್ಸಿನ ಬಾಯಿಯ ಅಗಲಕ್ಕಾಗಿ ಸುತ್ತ ಇನ್ನೆರಡು ಮಿಲಿಮೀಟರ್ ಸೇರಿಸಿದರೆ, ಲೆನ್ಸಿಗೆ ಕಾಣುವ ಪರದೆ ಸುಮಾರು 111×140 ಮಿ.ಮೀ. ಇಷ್ಟು ಭಾಗ ಒಂದೇ ಹೊಳಪಿನಲ್ಲಿ ಇರಬೇಕು. ಯಾವ ಬೆಳಕಿನ ಪೆಟ್ಟಿಗೆಯೂ ಅಂಚಿನ ಹತ್ತಿರ ಮಂಕಾಗುವುದರಿಂದ ಸುತ್ತ ಸುಮಾರು 20 ಮಿ.ಮೀ. ಬಿಟ್ಟು 150×175 ಮಿ.ಮೀ. ಇಟ್ಟುಕೊಳ್ಳುವುದು ಕ್ಷೇಮ. ಹರವು 26,250 ಚದರ ಮಿ.ಮೀ., ಅದರಲ್ಲಿ ಲೆನ್ಸಿಗೆ ಕಾಣುವುದು 15,540. ಪರದೆಯ ಶೇ. 41 ಭಾಗ ಚಿತ್ರಕ್ಕೆ ಒಂದು ಕಣ ಬೆಳಕನ್ನೂ ನೇರವಾಗಿ ಕೊಡದೆ, ಉಳಿದ ಶೇ. 59 ಸಮವಾಗಿರಲೆಂದು ಉರಿಯುತ್ತದೆ. ಈ ಭಾಗವನ್ನು ಉಳಿಸಹೋದವರ ಪ್ರಿಂಟಿನ ನಾಲ್ಕು ಮೂಲೆಗಳಲ್ಲೂ ಅದು ಕಾಣುತ್ತದೆ.

315 ದೀಪಗಳು

ಅಂಗಡಿಯಲ್ಲಿ 5 ಮೀಟರಿನ ಸುರುಳಿಯಾಗಿ ಸಿಗುವ, ಮೀಟರಿಗೆ 120 ದೀಪಗಳ, 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ಪನ್ನು ತೆಗೆದುಕೊಳ್ಳೋಣ. ಮೂರು ದೀಪಕ್ಕೊಂದು ಕತ್ತರಿಸುವ ಗುರುತು, ಅಂದರೆ 25 ಮಿ.ಮೀ.ಗೆ ಒಂದು. 175 ಮಿ.ಮೀ.ಗೆ ಸರಿಯಾಗಿ 7 ತುಂಡಿನ ಉದ್ದ, 21 ದೀಪ. ಸಾಲಿನಿಂದ ಸಾಲಿಗೆ 10 ಮಿ.ಮೀ. ಅಂತರವಿಟ್ಟು 15 ಸಾಲು ಅಂಟಿಸಿದರೆ ಒಟ್ಟು ಸ್ಟ್ರಿಪ್ 2.625 ಮೀಟರ್, ದೀಪಗಳು 315. ಮೀಟರಿಗೆ 9.6 ವ್ಯಾಟಿನಂತೆ 25.2 ವ್ಯಾಟ್, 12 ವೋಲ್ಟಿನಲ್ಲಿ 2.1 ಆಂಪಿಯರ್. ಪ್ರತಿ ಸಾಲಿಗೆ ಎರಡು ಬೆಸುಗೆಯಂತೆ 30 ಬೆಸುಗೆ.

ವ್ಯಾಟಿಗೆ 80 ಲ್ಯೂಮೆನ್ ಹಿಡಿದರೆ ಹುಟ್ಟುವ ಬೆಳಕು ಸುಮಾರು 2,000 ಲ್ಯೂಮೆನ್. ಸ್ಟ್ರಿಪ್ಪಿನಿಂದ 40 ಮಿ.ಮೀ. ದೂರದಲ್ಲಿ ಒಂದು ಹಾಲುಬಿಳಿ ಅಕ್ರಿಲಿಕ್ ಹಾಳೆ, ಅದರ ಮುಂದೆ ಇನ್ನೊಂದು. ಒಳಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ. ಇಷ್ಟರಲ್ಲಿ ಅರ್ಧ ಬೆಳಕು ಸೋರಿಹೋಗುತ್ತದೆ ಎಂದಿಟ್ಟುಕೊಂಡರೆ ಹೊರಬರುವುದು 1,000 ಲ್ಯೂಮೆನ್, ಪರದೆಯ ಹೊಳಪು ಚದರ ಮೀಟರಿಗೆ ಸುಮಾರು 12,000 ಕ್ಯಾಂಡೆಲಾ.

ಕಾಗದದ ಕಡೆಯ ಲೆಕ್ಕ ಹೀಗೆ. ಫೋಟೊ ಕಾಗದದ ವೇಗವನ್ನು ಐಎಸ್‌ಒ ಪಿ ಎಂಬ ಅಂಕಿಯಲ್ಲಿ ಹೇಳುತ್ತಾರೆ. 1,000ವನ್ನು ಆ ಅಂಕಿಯಿಂದ ಭಾಗಿಸಿದರೆ ನಡು ಬೂದುಬಣ್ಣಕ್ಕೆ ಬೇಕಾದ ಬೆಳಕು ಲಕ್ಸ್-ಸೆಕೆಂಡಿನಲ್ಲಿ ಬರುತ್ತದೆ. ಇಲ್‌ಫರ್ಡ್ ಮಲ್ಟಿಗ್ರೇಡ್ 4 ಕಾಗದಕ್ಕೆ ಕಂಪನಿ ಕೊಟ್ಟ ಅಂಕಿ, 00ರಿಂದ ಮೂರೂವರೆವರೆಗಿನ ಫಿಲ್ಟರುಗಳಲ್ಲಿ 200; 4 ಮತ್ತು 5ರಲ್ಲಿ 100. ಅಂದರೆ ಮೊದಲನೆಯದಕ್ಕೆ 5 ಲಕ್ಸ್-ಸೆಕೆಂಡ್, ಎರಡನೆಯದಕ್ಕೆ 10. ನೆಗೆಟಿವ್‌ನ ನಡು ಭಾಗದ ಸಾಂದ್ರತೆ 0.7 ಇದ್ದರೆ ಐದರಲ್ಲೊಂದು ಪಾಲು ಬೆಳಕು ಹಾಯುತ್ತದೆ, ಲೆನ್ಸು ಅದರಲ್ಲಿ ಹತ್ತನೇ ಒಂದು ಭಾಗ ನುಂಗುತ್ತದೆ. ಇವನ್ನೆಲ್ಲ ಸೇರಿಸಿದರೆ 4 ಪಟ್ಟು ಹಿಗ್ಗಿಸಿದ ಪ್ರಿಂಟಿಗೆ ಎಫ್/8ರಲ್ಲಿ ಸುಮಾರು 5 ಸೆಕೆಂಡ್, ಎಫ್/11ರಲ್ಲಿ 9, ಎಫ್/16ರಲ್ಲಿ 19. ಮೂಲೆ ಮುಚ್ಚಿ, ನಡು ತೆರೆದು, ಕೈಯಾಡಿಸಿ ಪ್ರಿಂಟ್ ಮಾಡುವವರಿಗೆ 10ರಿಂದ 20 ಸೆಕೆಂಡ್ ಹದವಾದ ಸಮಯ. 32×40 ಇಂಚಿಗೆ, ಅಂದರೆ 8 ಪಟ್ಟು ಹಿಗ್ಗಿಸಿದರೂ ಎಫ್/11ರಲ್ಲಿ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. 100 ವ್ಯಾಟಿನ ಎಲ್‌ಇಡಿ ಹಾಕಿಕೊಂಡವರು ಎಫ್/11ರಲ್ಲಿ ಎರಡು-ಮೂರು ಸೆಕೆಂಡಿನ ಎಕ್ಸ್‌ಪೋಷರಿಗೆ ಸಿಕ್ಕಿಬಿದ್ದು ಆಮೇಲೆ ಬೆಳಕು ತಗ್ಗಿಸುವ ದಾರಿ ಹುಡುಕಬೇಕಾಗುತ್ತದೆ.

ಬಣ್ಣಗಳನ್ನು ನಿಖರವಾಗಿ ತೋರಿಸುವ ದುಬಾರಿ ಎಲ್‌ಇಡಿಗೆ ಇಲ್ಲಿ ಕೆಲಸವಿಲ್ಲ. ಕಪ್ಪು-ಬಿಳುಪು ಕಾಗದ ಕೆಂಪನ್ನು ನೋಡುವುದೇ ಇಲ್ಲ. ಅದರ ಲೋಕ ನೀಲಿ ಮತ್ತು ಹಸಿರು. ಬಿಳಿ ಎಲ್‌ಇಡಿಯ ಹೊಟ್ಟೆಯಲ್ಲಿರುವುದೇ 450 ನ್ಯಾನೊಮೀಟರ್ ಹತ್ತಿರದ ನೀಲಿ ದೀಪ, ಮೇಲೆ ಹಳದಿ ಲೇಪ. 6,000–6,500 ಕೆಲ್ವಿನ್ನಿನ ಅಗ್ಗದ ತಂಪುಬಿಳಿ ಸ್ಟ್ರಿಪ್ಪಿನಲ್ಲಿ ನೀಲಿಯ ಪಾಲು ಹೆಚ್ಚು, ಹಾಗಾಗಿ ಮೇಲಿನ ಸೆಕೆಂಡುಗಳು ಇನ್ನೂ ಕಡಿಮೆಯಾಗಬಹುದು. ಮನೆಯ ಅಲಂಕಾರಕ್ಕೆ ಕೊಳ್ಳುವ ಹಳದಿ ಛಾಯೆಯ ಬೆಚ್ಚಗಿನ ಬಿಳಿಯನ್ನು ಮಾತ್ರ ತರಬಾರದು.

ಖರ್ಚಿನ ಪಟ್ಟಿ

ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸ್ಟ್ರಿಪ್, ಎಸ್‌ಎಂಪಿಎಸ್, ವೈರು ಒಂದೇ ಸುತ್ತಿನಲ್ಲಿ ಸಿಗುತ್ತವೆ. ಅಕ್ರಿಲಿಕ್ಕಿಗೆ ಬೋರ್ಡು ಬರೆಯುವವರ ಹತ್ತಿರ ಹೋಗಬೇಕು. ಚದರ ಅಡಿಯ ತುಂಡು ಅವರಲ್ಲಿ ಇದ್ದೇ ಇರುತ್ತದೆ. ಕೆಳಗಿನವು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ದುಂಡು ದರಗಳು, ಅಂಗಡಿಯಿಂದ ಅಂಗಡಿಗೆ ಹೆಚ್ಚುಕಡಿಮೆ ಆಗುತ್ತವೆ. ಎದುರು ಕಾಲಮ್ಮಿನಲ್ಲಿ 8×10ಕ್ಕೆ ಬೇಕಾದ 250×300 ಮಿ.ಮೀ. ಪೆಟ್ಟಿಗೆಯ ಲೆಕ್ಕವನ್ನೂ ಕೊಟ್ಟಿದ್ದೇನೆ.

| ಸಾಮಾನು | 4×5ಕ್ಕೆ | ರೂ. | 8×10ಕ್ಕೆ | ರೂ. |
|---|---|---|---|---|
| ಎಲ್‌ಇಡಿ ಸ್ಟ್ರಿಪ್, 5 ಮೀ. ಸುರುಳಿ | 1 (ಬಳಕೆ 2.625 ಮೀ.) | 600 | 2 (ಬಳಕೆ 7.5 ಮೀ.) | 1,200 |
| 12 ವೋಲ್ಟ್ ಎಸ್‌ಎಂಪಿಎಸ್ | 5 ಆಂಪಿಯರ್ | 500 | 10 ಆಂಪಿಯರ್ | 900 |
| ಹಾಲುಬಿಳಿ ಅಕ್ರಿಲಿಕ್, 3 ಮಿ.ಮೀ. | 1 ಚದರ ಅಡಿ | 180 | 2 ಚದರ ಅಡಿ | 360 |
| ಅಲ್ಯೂಮಿನಿಯಂ ತಗಡು, 2 ಮಿ.ಮೀ. | 216 ಗ್ರಾಂ | 100 | 567 ಗ್ರಾಂ | 230 |
| ಪ್ಲೈವುಡ್, ಬಣ್ಣ, ವೈರು, ಫ್ಯೂಸ್, ಸ್ವಿಚ್ | | 500 | | 900 |
| ನೆಗೆಟಿವ್ ಹಿಡಿಯುವ ಗಾಜು | 2 ತುಂಡು | 150 | 2 ತುಂಡು | 300 |
| ಒಟ್ಟು | | 2,030 | | 3,890 |

ಪರದೆಯ ಹರವು 2.86 ಪಟ್ಟು ಏರಿದರೂ ಖರ್ಚು ಎರಡು ಪಟ್ಟನ್ನು ಮುಟ್ಟಲಿಲ್ಲ. ವಿದ್ಯುತ್ 25ರಿಂದ 72 ವ್ಯಾಟಿಗೆ, ದೀಪಗಳು 315ರಿಂದ 900ಕ್ಕೆ ಏರಿದವು, ಅಷ್ಟೇ. 8×10ರಲ್ಲಿ ದುಬಾರಿಯಾದದ್ದು ಲೆನ್ಸು ಮತ್ತು ಜಾಗ. 300 ಮಿ.ಮೀ. ಲೆನ್ಸಿನಿಂದ 4 ಪಟ್ಟು ಹಿಗ್ಗಿಸಲು ನೆಗೆಟಿವ್‌ನಿಂದ ಕಾಗದಕ್ಕೆ 1,875 ಮಿ.ಮೀ. ದೂರ ಬೇಕು. ಮೇಜಿನ ಮೇಲೆ ಕಂಬ ನಿಲ್ಲಿಸಿ ಇಷ್ಟು ಎತ್ತರಕ್ಕೆ ಹೋದರೆ ಅನೇಕ ಮನೆಗಳಲ್ಲಿ ಸೂರು ಅಡ್ಡ ಬರುತ್ತದೆ. 4×5ರಲ್ಲಿ ಇದೇ 4 ಪಟ್ಟಿಗೆ 937.5 ಮಿ.ಮೀ. ಸಾಕು.

ಎನ್‌ಲಾರ್ಜರಿನ ಉಳಿದ ಮೈ ಎಲ್ಲಿಂದ ತರುವುದು? 4×5 ಕ್ಯಾಮೆರಾ ಇದ್ದವರ ಕೈಯಲ್ಲಿ ಅದು ಆಗಲೇ ಇದೆ. ಬೆಲ್ಲೋಸ್, ಲೆನ್ಸ್ ಕೂರಿಸುವ ಹಲಗೆ, ಸಮಾನಾಂತರವಾಗಿ ಸರಿಯುವ ಹಳಿ, ಫಿಲ್ಮ್ ಕೂರುವ ಹಿಂಬದಿ ಎಲ್ಲವೂ ಕ್ಯಾಮೆರಾದಲ್ಲಿವೆ. ಹಿಂಬದಿಗೆ ಬೆಳಕಿನ ಪೆಟ್ಟಿಗೆ ಕಟ್ಟಿ ಗೋಡೆಯತ್ತ ತಿರುಗಿಸಿದರೆ ಅದೇ ಎನ್‌ಲಾರ್ಜರು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನ ಗ್ರಾಫ್ಲೆಕ್ಸ್ ಕಂಪನಿ ತನ್ನ ಪ್ರೆಸ್ ಕ್ಯಾಮೆರಾಗಳಿಗಾಗಿ ಗ್ರಾಫ್ಲಾರ್ಜರ್ ಎಂಬ ಹೆಸರಿನಲ್ಲಿ ಇಂಥದ್ದೇ ಬೆಳಕಿನ ಬೆನ್ನನ್ನು, ಆ ಕಾಲದ ಕೋಲ್ಡ್ ಕ್ಯಾಥೋಡ್ ಟ್ಯೂಬು ಬಳಸಿ ಮಾರುತ್ತಿತ್ತು. ಕ್ಯಾಲಿಫೋರ್ನಿಯಾದ ಕಾರ್ಮೆಲ್ ಹೈಲ್ಯಾಂಡ್ಸ್‌ನಲ್ಲಿ ಆನ್ಸೆಲ್ ಆ್ಯಡಮ್ಸ್ ತಮ್ಮ 8×10 ನೆಗೆಟಿವ್‌ಗಳನ್ನು ಹಿಗ್ಗಿಸಿದ್ದೂ ಹಳೆಯ ಸ್ಟುಡಿಯೊ ಕ್ಯಾಮೆರಾದಿಂದ ಕಟ್ಟಿದ, ಗೋಡೆಗೆ ಮುಖ ಮಾಡಿದ ಅಡ್ಡ ಎನ್‌ಲಾರ್ಜರಿನಲ್ಲಿ. ಅದರ ಬೆಳಕು 36 ಬಲ್ಬುಗಳದು, ಪ್ರತಿಯೊಂದಕ್ಕೂ ಬೇರೆ ಸ್ವಿಚ್ಚು. ಆ 36 ಸ್ವಿಚ್ಚುಗಳ ಮಾತು ಮುಂದೆ ಬರುತ್ತದೆ.

ಬಿಸಿ, ವೋಲ್ಟೇಜು, ಕರೆಂಟು

ಎಲ್‌ಇಡಿ ಹಾಕಿದರೆ ಕರೆಂಟು ಬಿಲ್ಲು ಉಳಿಯುತ್ತದೆ ಎಂದು ಹೇಳುವವರಿದ್ದಾರೆ. 15 ಸೆಕೆಂಡಿನ 100 ಎಕ್ಸ್‌ಪೋಷರುಗಳಿಗೆ ದೀಪ ಉರಿಯುವುದು 25 ನಿಮಿಷ. 250 ವ್ಯಾಟಿನ ಬಲ್ಬಿಗೆ ಇದು 0.1 ಯೂನಿಟ್, 25 ವ್ಯಾಟಿನ ಎಲ್‌ಇಡಿಗೆ 0.01 ಯೂನಿಟ್. ಉಳಿತಾಯ ಒಂದು ರೂಪಾಯಿಯ ಹತ್ತಿರ. ಇದಕ್ಕಾಗಿ ಯಾರೂ ಬಲ್ಬು ಬದಲಿಸಬೇಕಾಗಿಲ್ಲ.

ಬದಲಿಸಬೇಕಾದದ್ದು ಬಿಸಿಗಾಗಿ. ಚಿತ್ರ ಹೊಂದಿಸಿ ಫೋಕಸ್ ಮಾಡಲು 5 ನಿಮಿಷ ದೀಪ ಉರಿಸಿದರೆ 250 ವ್ಯಾಟಿನ ಬಲ್ಬು 75,000 ಜೂಲ್ ಸುರಿಯುತ್ತದೆ. ಹೆಚ್ಚಿನ ಪಾಲು ಬಿಸಿಯಾಗಿ, ಅದರಲ್ಲೊಂದು ಭಾಗ ನೇರವಾಗಿ ನೆಗೆಟಿವ್ ಮೇಲೆ. ಕಾದ ಫಿಲ್ಮು ನಡುವೆ ಉಬ್ಬಿ ಫೋಕಸಿನಿಂದ ಜಾರುತ್ತದೆ. ಅಂಚುಗಳಲ್ಲಷ್ಟೇ ಹಿಡಿತವಿದ್ದು ನಡುವೆ 12 ಸೆಂಟಿಮೀಟರ್ ಬಯಲಿರುವ 4×5 ಫಿಲ್ಮಿಗೆ ಇದು ಚಿಕ್ಕ ಫಿಲ್ಮಿಗಿಂತ ಹೆಚ್ಚು ಕಾಟ. ಎಲ್‌ಇಡಿಯಲ್ಲಿ ಅದೇ 5 ನಿಮಿಷಕ್ಕೆ 7,500 ಜೂಲ್, ಅದೂ ಬಹುಪಾಲು ಬೆನ್ನಿನ ತಗಡಿಗೆ ಹೋಗುತ್ತದೆ. 18 ವ್ಯಾಟ್ ಬಿಸಿ ಎಂದು ಹಿಡಿದರೆ 216 ಗ್ರಾಂ ಅಲ್ಯೂಮಿನಿಯಂ ನಿಮಿಷಕ್ಕೆ 5.6 ಡಿಗ್ರಿ ಏರುತ್ತದೆ, ಅದೂ ಗಾಳಿಗೆ ಒಂದಿಷ್ಟೂ ಬಿಸಿ ಬಿಟ್ಟುಕೊಡದಿದ್ದರೆ. 15 ಸೆಕೆಂಡಿನ ಎಕ್ಸ್‌ಪೋಷರಿನಲ್ಲಿ ಒಂದೂವರೆ ಡಿಗ್ರಿಯೂ ಇಲ್ಲ. ಫ್ಯಾನು ಬೇಡ. ಫ್ಯಾನಿನ ನಡುಕ ಫೋಕಸಿಗೆ ಮಾಡುವ ಹಾನಿ ಈ ಒಂದೂವರೆ ಡಿಗ್ರಿಗಿಂತ ದೊಡ್ಡದು.

ಇನ್ನು ವೋಲ್ಟೇಜು. ತಂತಿ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಬದಲಾಗುತ್ತದೆ. 230 ವೋಲ್ಟು 207ಕ್ಕೆ, ಅಂದರೆ ಶೇ. 10 ಇಳಿದರೆ ಬೆಳಕು ಶೇ. 30 ಇಳಿಯುತ್ತದೆ: ಅರ್ಧ ಸ್ಟಾಪ್. ಜೊತೆಗೆ ಬಲ್ಬು ಕೆಂಪಗಾಗಿ, ಕಾಗದಕ್ಕೆ ಬೇಕಾದ ನೀಲಿ ಇನ್ನಷ್ಟು ಇಳಿಯುತ್ತದೆ. ಪಕ್ಕದ ಮನೆಯ ಪಂಪು ಶುರುವಾದ ಕೂಡಲೇ ಫ್ಯಾನು ನಿಧಾನವಾಗುವ ಊರುಗಳಲ್ಲಿ ಒಂದೇ ಸಮಯ ಕೊಟ್ಟ ಎರಡು ಪ್ರಿಂಟುಗಳು ಬೇರೆಬೇರೆಯಾಗಿ ಬರುವುದಕ್ಕೆ ಕಾರಣ ಇದು. ಸ್ಟೆಬಿಲೈಸರ್ ಇಲ್ಲದೆ ಬಲ್ಬಿನಲ್ಲಿ ಕೆಲಸ ಮಾಡುವಂತಿರಲಿಲ್ಲ. ಎಸ್‌ಎಂಪಿಎಸ್ ಒಳಗೆ ಬರುವ ವೋಲ್ಟೇಜು ಏನೇ ಏರಿಳಿದರೂ ತನ್ನ ಮಿತಿಯೊಳಗೆ 12 ವೋಲ್ಟನ್ನೇ ಕೊಡುತ್ತದೆ. ಪಟ್ಟಿಯ 500 ರೂಪಾಯಿಯಲ್ಲಿ ಒಂದು ಸ್ಟೆಬಿಲೈಸರಿನ ಕೆಲಸವೂ ಸೇರಿಹೋಗಿದೆ. ನನ್ನ ಮಟ್ಟಿಗೆ ಈ ಬದಲಾವಣೆಯ ಅತಿ ದೊಡ್ಡ ಲಾಭ ಅದು. 230 ವೋಲ್ಟಿನ ಬದಿಗೆ ಫ್ಯೂಸು, ತಗಡಿಗೆ ಅರ್ಥಿಂಗ್ ಕೊಡಲೇಬೇಕು. ಒದ್ದೆ ಕೈ ಓಡಾಡುವ ಕೋಣೆ ಅದು.

ಒಂದು ಗ್ರೇಡಿನ ವ್ಯತ್ಯಾಸ

ಕಂಡೆನ್ಸರಿನಿಂದ ಹರಡುಬೆಳಕಿಗೆ ಬಂದವರಿಗೆ ಮೊದಲ ಪ್ರಿಂಟು ಸಪ್ಪೆ ಎನಿಸುತ್ತದೆ. ನೇರವಾಗಿ ಬಂದ ಬೆಳಕನ್ನು ನೆಗೆಟಿವ್‌ನ ಬೆಳ್ಳಿ ಕಣಗಳು ಚದುರಿಸುತ್ತವೆ. ಕಣ ದಟ್ಟವಾದಲ್ಲಿ ಹೆಚ್ಚು ಚದುರಿ ಲೆನ್ಸಿಗೆ ಸಿಗದೆ ಹೋಗುತ್ತದೆ. ಆಗಲೇ ಎಲ್ಲ ದಿಕ್ಕಿನಿಂದ ಬರುವ ಹರಡುಬೆಳಕಿನಲ್ಲಿ ಈ ನಷ್ಟ ಗೊತ್ತಾಗುವುದಿಲ್ಲ. ಬೆಲ್ಜಿಯಂನ ಆಂದ್ರೆ ಕ್ಯಾಲಿಯೆ 1909ರಲ್ಲಿ ವಿವರಿಸಿದ ಸಂಗತಿ, ಇಂದಿಗೂ ಅವರ ಹೆಸರಲ್ಲೇ ಇದೆ. ಅಂಕಿಯಲ್ಲಿ ಹೇಳುವುದಾದರೆ, ಕಂಡೆನ್ಸರಿನಲ್ಲಿ ನಡು ಗ್ರೇಡಿನ ಕಾಗದಕ್ಕೆ ಸುಮಾರು 0.80 ಸಾಂದ್ರತಾ ವ್ಯಾಪ್ತಿಯ ನೆಗೆಟಿವ್ ಸಾಕು, ಹರಡುಬೆಳಕಿನಲ್ಲಿ ಸುಮಾರು 1.05 ಬೇಕು. ಹಳೆಯ ನೆಗೆಟಿವ್‌ಗಳಿಗೆ ಒಂದು ಗ್ರೇಡ್ ಗಟ್ಟಿ ಫಿಲ್ಟರ್, ಹೊಸವನ್ನು ತೊಳೆಯುವಾಗ ಡೆವಲಪರಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು. ಧೂಳು, ಗೀರು ಕಡಿಮೆ ಕಾಣುವುದು ಇದರ ಜೊತೆಗೆ ಪುಕ್ಕಟೆ ಸಿಗುವ ಅನುಕೂಲ. ಫಿಲ್ಟರಿಲ್ಲದೆ, ನೀಲಿ ಮತ್ತು ಹಸಿರು ಎಲ್‌ಇಡಿಗಳನ್ನೇ ಬೇರೆಬೇರೆ ಸಮಯ ಉರಿಸಿ ಗ್ರೇಡ್ ಪಡೆಯುವವರೂ ಇದ್ದಾರೆ. ನೀಲಿಯೊಂದೇ ಉರಿದರೆ ಅತಿ ಗಟ್ಟಿ, ಹಸಿರೊಂದೇ ಉರಿದರೆ ಮೆದು. ಮೊದಲ ಪೆಟ್ಟಿಗೆಗೆ ಬಿಳಿ ಸ್ಟ್ರಿಪ್ಪು, ಲೆನ್ಸಿನ ಕೆಳಗೆ ಫಿಲ್ಟರು ಎಂಬ ಸರಳ ದಾರಿಯೇ ಸಾಕು.

ಮೂಲೆಯ ಲೆಕ್ಕ

ಎಲ್ಲರೂ ಎಡವುವ ಜಾಗ ಇದು. ಪರದೆ ಎಷ್ಟೇ ಸಮವಾಗಿ ಬೆಳಗಿದರೂ ಲೆನ್ಸು ಮೂಲೆಗೆ ಕಡಿಮೆ ಬೆಳಕು ಕೊಡುತ್ತದೆ. ನಡುಗೆರೆಯಿಂದ ಮೂಲೆ ಎಷ್ಟು ಕೋನದಲ್ಲಿದೆಯೋ ಅದರ ಕೊಸೈನಿನ ನಾಲ್ಕನೇ ಘಾತ. 4×5ರ ಚಿತ್ರದ ಅರ್ಧಕರ್ಣ 76.5 ಮಿ.ಮೀ., ಲೆನ್ಸಿನ ದೂರ 187.5; ಕೋನ 22 ಡಿಗ್ರಿ, ಮೂಲೆಗೆ ಸಿಗುವುದು ನಡುವಿನ ಶೇ. 73.5. ಸುಮಾರು 0.44 ಸ್ಟಾಪ್ ಕಡಿಮೆ. 135 ಮಿ.ಮೀ. ಲೆನ್ಸಾದರೆ 0.54 ಸ್ಟಾಪ್, 180 ಆದರೆ 0.32. ಲಾಗರಿದಮ್ಮಿನಲ್ಲಿ 150ರ ನಷ್ಟ 0.13. ಎರಡನೇ ಗ್ರೇಡಿನ ಕಾಗದದ ಒಟ್ಟು ವ್ಯಾಪ್ತಿ ಸುಮಾರು 1.10, ಅದರಲ್ಲಿ ಇದು ಎಂಟನೇ ಒಂದು ಭಾಗ. ಐದನೇ ಗ್ರೇಡಿನಲ್ಲಿ ವ್ಯಾಪ್ತಿಯೇ ಸುಮಾರು 0.40, ಅಲ್ಲಿ ಇದು ಮೂರನೇ ಒಂದು ಭಾಗ.

ಈ ಅಂಕಿ ನೋಡಿ ಗಾಬರಿಯಾದವರು ಮೂಲೆಗೆ ಹೆಚ್ಚು ದೀಪ, ನಡುವೆ ಕಡಿಮೆ ದೀಪ ಎಂದು ಸರ್ಕಿಟ್ಟು ಕಟ್ಟಲು ಹೊರಡುತ್ತಾರೆ. ಅದಕ್ಕೆ ಮೊದಲು ಇನ್ನೊಂದು ಲೆಕ್ಕ ಮಾಡಬೇಕು. ಆ ನೆಗೆಟಿವ್ ತೆಗೆದ ಕ್ಯಾಮೆರಾ ಲೆನ್ಸೂ ಮೂಲೆಗೆ ಕಡಿಮೆ ಬೆಳಕನ್ನೇ ಕೊಟ್ಟಿತ್ತು. 150 ಮಿ.ಮೀ. ಲೆನ್ಸಿನಲ್ಲಿ ದೂರದ ದೃಶ್ಯ ತೆಗೆದಾಗ ಮೂಲೆಗೆ ಸಿಕ್ಕಿದ್ದು ಶೇ. 63, ಲಾಗರಿದಮ್ಮಿನಲ್ಲಿ 0.20 ಕಡಿಮೆ. ಫಿಲ್ಮಿನ ಗಾಮಾ 0.6 ಆದರೆ ನೆಗೆಟಿವ್‌ನ ಮೂಲೆ 0.12ರಷ್ಟು ತೆಳು. ತೆಳುವಾದ ಮೂಲೆ ಪ್ರಿಂಟಿನಲ್ಲಿ ಕಪ್ಪಾಗಬೇಕು. ಆದರೆ ಅದೇ ಮೂಲೆಗೆ ಎನ್‌ಲಾರ್ಜರು 0.13ರಷ್ಟು ಕಡಿಮೆ ಬೆಳಕು ಕೊಡುತ್ತದೆ. 0.12 ಮತ್ತು 0.13 ಒಂದನ್ನೊಂದು ತಿಂದುಹಾಕುತ್ತವೆ. ಉಳಿಯುವ 0.01 ಯಾವ ಕಣ್ಣಿಗೂ ಕಾಣದು. ಲೆನ್ಸಿನ ಕುಸಿತವನ್ನು ಪೂರ್ತಿ ಸರಿಪಡಿಸಿದ ಎನ್‌ಲಾರ್ಜರಿನಲ್ಲಿ ಇದೇ ನೆಗೆಟಿವ್ ಕಪ್ಪು ಮೂಲೆಗಳ ಪ್ರಿಂಟ್ ಕೊಡುತ್ತದೆ.

ಹಾಗಾಗಿ ಸಮವಾಗಿರಬೇಕಾದದ್ದು ಪರದೆ. ಲೆನ್ಸಿನ ಕುಸಿತವನ್ನು ಹಾಗೇ ಬಿಡಬೇಕು. ಇದು 150ರಲ್ಲಿ ತೆಗೆದು 150ರಲ್ಲಿ ಹಿಗ್ಗಿಸುವವರಿಗೆ ಅಚ್ಚುಕಟ್ಟಾಗಿ ಕೂಡಿಬರುವ ಲೆಕ್ಕ. 210 ಮಿ.ಮೀ.ನಲ್ಲಿ ತೆಗೆದ ನೆಗೆಟಿವ್‌ನ ಮೂಲೆ 0.065ರಷ್ಟೇ ತೆಳು, ಪ್ರಿಂಟಿನ ಮೂಲೆ ಸ್ವಲ್ಪ ತಿಳಿಯಾಗಿ ಬರುತ್ತದೆ. 90 ಮಿ.ಮೀ. ವೈಡ್ ಲೆನ್ಸಿನಲ್ಲಿ ಇದೇ ಸೂತ್ರದಂತೆ 0.28ರಷ್ಟು ತೆಳು, ಮೂಲೆ ಕಪ್ಪಾಗುತ್ತದೆ. ಒಂದೇ ಬೆಳಕಿನ ಪೆಟ್ಟಿಗೆಯನ್ನು ಮೂರಕ್ಕೂ ತಿದ್ದಿಡಲು ಸಾಧ್ಯವಿಲ್ಲ. ನೆಗೆಟಿವ್‌ನಿಂದ ನೆಗೆಟಿವ್‌ಗೆ ಕೈಯಿಂದ ಮೂಲೆ ಮುಚ್ಚಬೇಕು ಅಥವಾ ಸುಡಬೇಕು, ಇಲ್ಲವೇ ಆ್ಯಡಮ್ಸರ 36 ಸ್ವಿಚ್ಚುಗಳಂಥ ಏರ್ಪಾಡು ಬೇಕು. ಯಾವ ಭಾಗಕ್ಕೆ ಎಷ್ಟು ಬೆಳಕು ಎಂಬುದನ್ನು ಆಯಾ ನೆಗೆಟಿವ್ ನೋಡಿ ತೀರ್ಮಾನಿಸಲು ಅಷ್ಟು ಸ್ವಿಚ್ಚುಗಳು ಅನುವು ಮಾಡಿಕೊಡುತ್ತವೆ. ನಮ್ಮ 15 ಸಾಲುಗಳಿಗೆ ಐದೈದರಂತೆ ಮೂರು ಸ್ವಿಚ್ಚು ಹಾಕಿಕೊಂಡರೆ ಆಕಾಶ ಒಂದು ಕಡೆ, ನೆಲ ಒಂದು ಕಡೆ ಇರುವ ಚಿತ್ರಗಳಿಗೆ ಸ್ವಲ್ಪ ಸಹಾಯವಾದೀತು. ಖರ್ಚು ನೂರು ರೂಪಾಯಿಯೊಳಗೆ.

ಪರೀಕ್ಷೆಗೆ ಕಾಗದ ಬೇಕು, ಕಾಗದವೇ ಈಗ ನಿಜವಾದ ಖರ್ಚು. ಉದಕಮಂಡಲದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಫಿಲ್ಮು, ಬ್ರೋಮೈಡ್ ಕಾಗದ ಮಾಡುತ್ತಿದ್ದ ಕಾಲ ಮುಗಿದಿದೆ. ಇವತ್ತು ಕೈಗೆ ಸಿಗುವುದು ಆಮದು ಕಾಗದ. 8×10ರ ಹಾಳೆಗೆ 100 ರೂಪಾಯಿ ಎಂದು ಹಿಡಿದರೂ ಅದರ ನಾಲ್ಕು ಪಟ್ಟು ಹರವಿನ 16×20 ಹಾಳೆಗೆ 400. ಐದು ಹಾಳೆ ಕೆಟ್ಟರೆ ಬೆಳಕಿನ ಪೆಟ್ಟಿಗೆಯ ಪೂರ್ತಿ ಖರ್ಚು ಕಸದ ಬುಟ್ಟಿಗೆ. ಅದಕ್ಕೆ ಪೂರ್ತಿ ಹಾಳೆಯಲ್ಲಿ ಪರೀಕ್ಷೆ ಮಾಡಬಾರದು. 2×2.5 ಇಂಚಿನ 5 ತುಂಡುಗಳು, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು: ಒಟ್ಟು 25 ಚದರ ಇಂಚು, 16×20ರ ಶೇ. 8, ಸುಮಾರು 31 ರೂಪಾಯಿ.

ಪರೀಕ್ಷೆಯನ್ನು ಖಾಲಿ ಗಾಜಿನ ಮೇಲೆ ಮಾಡಿದರೆ ಮೇಲೆ ಹೇಳಿದ ಶೇ. 73.5 ಕಾಣಿಸಿ ಮತ್ತೆ ಗಾಬರಿ ಹುಟ್ಟಿಸುತ್ತದೆ. ಒಂದು ಶೀಟ್ ಫಿಲ್ಮು ಇದಕ್ಕಾಗಿ ಮೀಸಲಿಡಿ. ನೀವು ಹೆಚ್ಚು ಬಳಸುವ ಕ್ಯಾಮೆರಾ ಲೆನ್ಸಿನಲ್ಲಿ, ಫೋಕಸನ್ನು ದೂರಕ್ಕಿಟ್ಟು, ಸಮವಾಗಿ ಬೆಳಕು ಬಿದ್ದ ಬಿಳಿ ಗೋಡೆಯ ಚಿತ್ರ ತೆಗೆದು ಎಂದಿನಂತೆ ತೊಳೆಯಿರಿ. ಆ ನೆಗೆಟಿವ್ ಇಟ್ಟು ಐದೂ ತುಂಡುಗಳನ್ನು 4ನೇ ಗ್ರೇಡಿನಲ್ಲಿ, ನಡು ಬೂದು ಬರುವ ಸಮಯಕ್ಕೆ ಒಟ್ಟಿಗೆ ಪ್ರಿಂಟ್ ಮಾಡಿ, ಒಣಗಿದ ಮೇಲೆ ಹಗಲಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಯಾವುದಾದರೂ ಒಂದು ಮೂಲೆ ಮಾತ್ರ ಬೇರೆಯಾದರೆ ಪೆಟ್ಟಿಗೆ ಓರೆಯಾಗಿದೆ ಅಥವಾ ಒಂದು ಸಾಲು ಮಂಕಾಗಿದೆ. ನಾಲ್ಕೂ ಮೂಲೆ ಒಂದೇ ತೆರನಾಗಿ ತಿಳಿಯಾದರೆ ಮೂಲೆಯ ತುಂಡುಗಳಿಗೆ ಮಾತ್ರ 10 ಸೆಕೆಂಡಿನ ಬದಲು 11.2, ಆಮೇಲೆ 12.6 ಸೆಕೆಂಡ್ ಕೊಟ್ಟು, ಯಾವುದು ನಡುವಿನ ತುಂಡಿಗೆ ಕೂಡುತ್ತದೆ ನೋಡಿ. ಒಂದೊಂದು ಮೆಟ್ಟಿಲೂ ಸ್ಟಾಪಿನ ಆರನೇ ಒಂದು ಭಾಗ. 11.2ರೊಳಗೆ ಕೂಡಿಬಂದರೆ ಪೆಟ್ಟಿಗೆಯನ್ನು ಮತ್ತೆ ಬಿಚ್ಚಬೇಕಾಗಿಲ್ಲ. 12.6ನ್ನೂ ದಾಟಿದರೆ ಸ್ಟ್ರಿಪ್ಪಿಗೂ ಅಕ್ರಿಲಿಕ್ಕಿಗೂ ನಡುವಿನ ಒಳಗೋಡೆಗೆ ಇನ್ನೊಂದು ಕೋಟು ಬಿಳಿ ಬಣ್ಣ ಬಳಿದು, ಉಳಿದ 2.375 ಮೀಟರ್ ಸ್ಟ್ರಿಪ್ಪಿನಿಂದ ಪ್ರತಿ ಅಂಚಿಗೂ ಇನ್ನೊಂದೊಂದು ಸಾಲು ಸೇರಿಸಿ.